ವಾಪಸು ಬಂದವರಿಗೊಂದು ಡೋಲಿನ ಏಟು

ಇವಾಕಿಚಿಗೆ ಗೊತ್ತಿಲ್ಲದ ಸಂಗತಿಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಮುಖ್ಯವಾದದ್ದು, 'ನನಗೆ ಗೊತ್ತಿಲ್ಲ' ಎಂದು ಹೇಳುವುದು ಹೇಗೆ ಎಂಬುದು. ಐವತ್ತು ದಾಟಿದರೂ ಅದೊಂದನ್ನು ಅವನು ಕಲಿತಿರಲಿಲ್ಲ. ರೈಲು ಹತ್ತದವನು ರೈಲಿನ ಎಂಜಿನ್ನು ಹೇಗೆ ಉಸಿರಾಡುತ್ತದೆ ಎಂದು ವಿವರಿಸುತ್ತಿದ್ದ. ಅಮೆರಿಕದವರು ಯಾಕೆ ಅಷ್ಟು ಎತ್ತರ ಎಂದು ಕೇಳಿದರೆ ಅದಕ್ಕೂ ಅವನ ಹತ್ತಿರ ಕಾರಣವಿತ್ತು. ಒಕಿನೊಸೆ ಎಂಬ ನಮ್ಮ ಅಂಗೈಯಗಲದ ದ್ವೀಪದಲ್ಲಿ ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಹಾಗೆಂದು ತಪ್ಪು ಎಂದು ತೋರಿಸಿಕೊಡುವಷ್ಟು ಬುದ್ಧಿ ಬೇರೆಯವರಿಗೂ ಇರಲಿಲ್ಲ. ಹೀಗಾಗಿ ಅವನ ವಿದ್ವತ್ತು ಸುಖವಾಗಿ ನಡೆದುಕೊಂಡು ಹೋಗುತ್ತಿತ್ತು.

ಒಂದು ಕೆಲಸ ಮಾತ್ರ ಅವನಿಗೆ ನಿಜವಾಗಿ ಗೊತ್ತಿತ್ತು. ಬಂದರಿನ ಮೇಲಿನ ಕಾವಲುಗುಡ್ಡದಲ್ಲಿ ಕೂತು, ಸಂಜೆ ಮೀನು ಹಿಡಿದು ಬರುವ ದೋಣಿಗಳನ್ನು ನೋಡಿ ಡೋಲು ಬಾರಿಸುವುದು. ಒಂದು ದೋಣಿ ಬಂಡೆಗಳನ್ನು ದಾಟಿ ಒಳಗೆ ಬಂದರೆ ಒಂದು ಏಟು. ನಮ್ಮೂರ ದೋಣಿಯೇ ಆಗಬೇಕೆಂದಿಲ್ಲ, ಗಾಳಿಗೆ ಹೆದರಿ ನುಗ್ಗಿದ ಪಕ್ಕದ ದ್ವೀಪದವರ ದೋಣಿಗೂ ಏಟು ಬೀಳುತ್ತಿತ್ತು. ಕಡಲಿನಿಂದ ಜೀವಂತ ಬಂದವನು ಯಾರಾದರೇನು? ಕೆಳಗೆ ಹೆಂಗಸರು ಕಿವಿಯಲ್ಲೇ ಲೆಕ್ಕ ಹಾಕುತ್ತಿದ್ದರು. ಬೆಳಿಗ್ಗೆ ಹೊರಟಷ್ಟೇ ಏಟು ಬಿದ್ದ ಮೇಲೆ ಊರು ಒಲೆ ಹಚ್ಚುತ್ತಿತ್ತು.

ಹೊರಡುವವರಿಗೆ ಮಾತ್ರ ಡೋಲು ಬಾರಿಸುವಂತಿಲ್ಲ. ಹಾಗೆ ಬಾರಿಸಿದರೆ ಸಮುದ್ರ ಆ ಏಟನ್ನೇ ಹಿಡಿದುಕೊಂಡು, 'ಇವನು ಆಗಲೇ ಬಂದಾಯಿತಲ್ಲ' ಎಂದು ವಾಪಸು ಕಳಿಸುವುದನ್ನು ಮರೆತುಬಿಡುತ್ತದಂತೆ. ಇದನ್ನು ಇವಾಕಿಚಿ ಹೇಳಿದ್ದಲ್ಲ, ಅವನ ತಾತನ ಕಾಲದಿಂದ ಇದ್ದ ಮಾತು. ಆದ್ದರಿಂದ ಎಲ್ಲರೂ ನಂಬುತ್ತಿದ್ದರು.

ಹಿಂದೊಮ್ಮೆ ಒಂದು ಸಂಜೆ ಒಂದು ಏಟು ಕಡಿಮೆ ಬಿತ್ತು. ಇವಾಕಿಚಿಯ ತಂಗಿಯ ಗಂಡನ ದೋಣಿ ಬರಲಿಲ್ಲ. ತಂಗಿಯೂ ಅದೇ ಕೊರಗಿನಲ್ಲಿ ಹೋದಳು. ಉಳಿದದ್ದು ಅವರ ಮಗ ಸೇಗೊ. ಮಕ್ಕಳಿಲ್ಲದ ಇವಾಕಿಚಿ ಮತ್ತು ಅವನ ಹೆಂಡತಿ ಒಸುಗಿ ಆ ಹುಡುಗನನ್ನು ಸಾಕಿದರು. ಕಾವಲುಗುಡ್ಡದ ಮೇಲೆ ಮಾವನ ಪಕ್ಕ ಕೂತು ಸೇಗೊ ಬಂಡೆಗಳಿಗೆ ಕಲ್ಲು ಬೀರುತ್ತಿದ್ದ. ಬೀರಿ ಬೀರಿ ಅವನ ತೋಳು ಎಷ್ಟು ಬಲಿಯಿತೆಂದರೆ, ಆಚೆ ದಡದ ಶಾಲೆಯವರು ಬೇಸ್‌ಬಾಲ್ ಆಡಲು ಕರೆದುಕೊಂಡರು. ಆಮೇಲೆ ಒಸಾಕಾ ಕಡೆಯ ಒಂದು ರೈಲು ಕಂಪನಿ ಸಂಬಳ ಕೊಟ್ಟು ತನ್ನ ತಂಡಕ್ಕೆ ಸೇರಿಸಿಕೊಂಡಿತು. ಚೆಂಡು ಎಸೆಯುವುದಕ್ಕೆ ಸಂಬಳ ಎಂಬುದನ್ನು ನಂಬಲು ನಮ್ಮೂರಿಗೆ ಎರಡು ವರ್ಷ ಹಿಡಿಯಿತು.

ಚೀನಾದ ಯುದ್ಧ ಶುರುವಾಗಿ ಮೂರು ವರ್ಷವಾಗಿದ್ದ ಬೇಸಿಗೆಯಲ್ಲಿ, ಸತ್ತವರು ಮನೆಗೆ ಬಂದು ಹೋಗುವ ಬೊನ್ ಹಬ್ಬಕ್ಕೆ ಸೇಗೊ ಊರಿಗೆ ಬಂದ. ಸಂಜೆ ಮಾವನ ಜೊತೆ ಗುಡ್ಡ ಹತ್ತಿ ಕೂತ.

"ಮಾಮ, ನಮ್ಮ ತಂಡದಲ್ಲಿ ಚೆಂಡು ಎಸೆಯೋರು ನಾಲ್ಕು ಜನ ಇದ್ವಿ. ಮೂವರಿಗೆ ಕೆಂಪು ಚೀಟಿ ಬಂತು, ಸೈನ್ಯಕ್ಕೆ ಹೋದ್ರು. ಈಗ ನಾನೊಬ್ಬನೇ."

"ಅಂದ್ರೆ ನೀನೇ ಮೊದಲನೆಯವನು ಅನ್ನು."

"ಕೊನೆಯವನು ಅಂತ. ನೋಡು ಮಾಮ, ಕಂಪನಿಯವರು ನನ್ನ ಹೆಸರನ್ನ ಒಂದು ರಾತ್ರಿ ಕಾಲೇಜಲ್ಲಿ ಬರೆಸಿದಾರೆ. ಅಲ್ಲಿ ಹೆಸರು ಇರೋವರೆಗೂ ಸೈನ್ಯದವರು ಕರೆಯಲ್ಲ. ಈ ಚಳಿಗಾಲದೊಳಗೆ ಚೆನ್ನಾಗಿ ಎಸೆದ್ರೆ ಹೆಸರು ಉಳಿಸ್ತಾರೆ. ಇಲ್ಲಾಂದ್ರೆ ತೆಗೀತಾರೆ. ತೆಗೆದ ಮರುತಿಂಗಳೇ ಕೆಂಪು ಚೀಟಿ."

ಇವಾಕಿಚಿಯ ಎದೆ ಧಸಕ್ಕೆಂದಿತು. ಆದರೆ ಎದೆ ಏನೇ ಅನ್ನಲಿ, ಬಾಯಿ ತನ್ನ ಪಾಡಿಗೆ ತಾನು ದೊಡ್ಡಸ್ತಿಕೆಯಲ್ಲೇ ಇತ್ತು.

"ನೀನು ಚೆನ್ನಾಗಿ ಎಸೆಯೋದ್ರಲ್ಲಿ ಸಂಶಯ ಏನಿದೆ. ಆಟ ಹೇಗೆ ಅಂತ ಒಂದ್ಸಲ ಹೇಳಿಬಿಡು. ನನಗೆ ಗೊತ್ತು, ಆದ್ರೂ ನಿನ್ನ ಬಾಯಲ್ಲಿ ಕೇಳೋಣ ಅಂತ."

ಸೇಗೊ ನಕ್ಕು ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದ. "ಇದು ಮನೆ. ಇಲ್ಲಿಂದ ಹೊರಟು, ಈ ಮೂರು ಮೂಲೆ ಸುತ್ತಿ, ಮತ್ತೆ ಮನೆಗೆ ವಾಪಸ್ ಬಂದ್ರೆ ಒಂದು ರನ್ನು. ನಾನು ಇಲ್ಲಿ ಮಧ್ಯದ ದಿಬ್ಬದ ಮೇಲೆ ನಿಂತು ಚೆಂಡು ಎಸೀತೀನಿ. ಈಗ ನನ್ನ ಕೆಲಸ ಏನಪ್ಪಾ ಅಂದ್ರೆ..."

ಅಷ್ಟರಲ್ಲಿ ಮೊದಲ ದೋಣಿ ಬಂಡೆ ದಾಟಿತು. ಇವಾಕಿಚಿ ಎದ್ದು ಡೋಲು ಬಾರಿಸಿದ. ಹಿಂದೆಯೇ ಎರಡನೆಯದು, ಮೂರನೆಯದು. ಲೆಕ್ಕ ತಪ್ಪಬಾರದು. ಸೇಗೊ ತನ್ನ ಕೆಲಸ ಏನೆಂದು ಹೇಳುತ್ತಲೇ ಇದ್ದ, ಮಾವ 'ಹೂಂ ಹೂಂ' ಎನ್ನುತ್ತಲೇ ಇದ್ದ. ಕೊನೆಯ ದೋಣಿ ಬರುವ ಹೊತ್ತಿಗೆ ವಿವರಣೆಯೂ ಮುಗಿದಿತ್ತು.

"ತಿಳೀತಾ ಮಾಮ?"

"ಇದರಲ್ಲಿ ತಿಳಿಯದೇ ಇರೋದು ಏನಿದೆ," ಎಂದ ಇವಾಕಿಚಿ.

ನಮ್ಮ ಕಥೆಯ ಅನಾಹುತವೆಲ್ಲ ಅಲ್ಲಿಗೆ ಬಿತ್ತನೆಯಾಯಿತು.

ಮರುದಿನದಿಂದ ಇವಾಕಿಚಿ ಬೇಸ್‌ಬಾಲ್ ಪಂಡಿತನಾದ. ಬಲೆ ಹೆಣೆಯುವ ಗೆಂಪೆ ಎಂಬವನಿದ್ದ, ಅವನ ನಾಲಗೆ ಅವನ ಸೂಜಿಗಿಂತ ಚೂಪು. ಅವನ ಅಂಗಳದಲ್ಲಿ ಕೂತು ಇವಾಕಿಚಿ ಪಾಠ ಹೇಳಿದ.

"ಆಟ ಅಂದ್ರೆ ನಮ್ಮ ಕಸುಬೇ ಕಣಯ್ಯ. ಬಂದರು ಬಿಡ್ತಾರೆ, ಮೂರು ದ್ವೀಪ ಸುತ್ತುತಾರೆ, ಬಂದರಿಗೆ ಬರ್ತಾರೆ. ಬಂದವನಿಗೆ ಒಂದು ಲೆಕ್ಕ. ಅವರನ್ನೆಲ್ಲ ಕ್ಷೇಮವಾಗಿ ಸುತ್ತಿಸಿ ಮನೆ ಸೇರಿಸೋನೇ ನಮ್ಮ ಸೇಗೊ."

"ಚೆಂಡು ಎಸೆದು ಜನರನ್ನ ಮನೆ ಸೇರಿಸೋದು ಹೇಗೆ?"

"ಅದು ಚಾಕಚಕ್ಯತೆ. ನಿನಗೆ ಹೇಳಿದ್ರೆ ಕೋಣನ ಮುಂದೆ ಕಿನ್ನರಿ."

ಗೆಂಪೆ ಮತ್ತೆ ಸೂಜಿ ಎತ್ತಿಕೊಂಡ. ಅವನಿಗೂ ಗೊತ್ತಿರಲಿಲ್ಲವಲ್ಲ. ಗೊತ್ತಿದ್ದ ಹುಡುಗರೆಲ್ಲ ಆಗಲೇ ಚೀನಾದಲ್ಲಿದ್ದರು. ಊರಲ್ಲಿ ಉಳಿದದ್ದು ಮುದುಕರು, ಹೆಂಗಸರು ಮತ್ತು ಊರ ಮುಖ್ಯಸ್ಥ ಹಯಾಮಿ.

ಹಯಾಮಿ ಯಜಮಾನರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಹಿಂದೆ ಸೈನ್ಯದಲ್ಲಿ ಕುದುರೆ ಲಾಯ ನೋಡಿಕೊಳ್ಳುತ್ತಿದ್ದರು. ಕುದುರೆಗಳು ಅವರ ಮಾತು ಕೇಳುತ್ತಿದ್ದವೋ ಇಲ್ಲವೋ, ಆ ನಷ್ಟವನ್ನು ಈಗ ಊರಿನಿಂದ ವಸೂಲು ಮಾಡುತ್ತಿದ್ದರು. ಬೇಸ್‌ಬಾಲ್ ಎಂದರೆ ಅವರಿಗೆ ಉರಿ. "ಅದು ಅಮೆರಿಕದವರ ಆಟ. ದೇಶ ಕಷ್ಟದಲ್ಲಿರೋವಾಗ ಕೋಲಲ್ಲಿ ಚೆಂಡು ಹೊಡೆಯೋದು ಅಂದ್ರೇನು?" ಎನ್ನುತ್ತಿದ್ದರು. ಆದರೆ ಪತ್ರಿಕೆಯಲ್ಲಿ ಸೇಗೊನ ಹೆಸರಿನ ಪಕ್ಕದಲ್ಲಿ ಒಕಿನೊಸೆ ಎಂದು ಅಚ್ಚಾದದ್ದನ್ನು ಯಾರೋ ತೋರಿಸಿದ ಮೇಲೆ, ಆಟದಲ್ಲಿ ದೇಹಬಲವೂ ಇದೆ, ದೇಹಬಲ ದೇಶಕ್ಕೆ ಬೇಕು ಎಂಬುದು ಅವರಿಗೆ ಹೊಳೆಯಿತು.

ಚಳಿಗಾಲಕ್ಕೆ ಮುಂಚೆ ಸೇಗೊನ ತಂಡ ಆಚೆ ದಡದ ಪಟ್ಟಣದಲ್ಲಿ ಒಂದು ಆಟ ಆಡುತ್ತದೆಂದು ತಿಳಿಯಿತು. ದೋಣಿಯ ಎಣ್ಣೆಗೆ ಆಗ ಪಡಿತರ. ಮೀನು ಹಿಡಿಯಲಿಕ್ಕೇ ಸಾಲದು, ಆಟ ನೋಡಲು ಯಾರು ಕೊಡುತ್ತಾರೆ? ಹಯಾಮಿ ದಾರಿ ಹುಡುಕಿದರು. ಯುದ್ಧದ ಜಯಕ್ಕಾಗಿ ಆಚೆ ದಡದ ದೇವಸ್ಥಾನದಲ್ಲಿ ಊರವರೆಲ್ಲ ಸೇರಿ ಪ್ರಾರ್ಥನೆ ಎಂದು ಅರ್ಜಿ ಹಾಕಿದರು, ಎಣ್ಣೆ ಮಂಜೂರಾಯಿತು. ದೇವರ ಮುಂದೆ ಎರಡು ಸಲ ಚಪ್ಪಾಳೆ ತಟ್ಟಿ, ಜಯ ಕೊಡಪ್ಪ ಎಂದು ಹೇಳಿ, ಊರಿಗೆ ಊರೇ ಮೈದಾನದ ಕಡೆ ಓಡಿತು.

ಎಲ್ಲರ ಕೈಯಲ್ಲೂ, ಬಲೆಗೆ ಭಾರಿ ಮೀನು ಬಿದ್ದಾಗ ದೋಣಿಗೆ ಕಟ್ಟುವ ದೊಡ್ಡ ದೊಡ್ಡ ಬಾವುಟಗಳು, ಕೆಂಪು, ನೀಲಿ, ಅದರ ಮೇಲೆ ಹೊಟ್ಟೆ ಉಬ್ಬಿದ ಮೀನಿನ ಚಿತ್ರ. ಇವಾಕಿಚಿಯ ಬೆನ್ನ ಮೇಲೆ ಕಾವಲುಗುಡ್ಡದ ಡೋಲು.

"ಡೋಲು ಯಾಕ್ರೀ?" ಎಂದು ಒಸುಗಿ ದಾರಿಯುದ್ದಕ್ಕೂ ಕೇಳಿದಳು.

"ಹುಡುಗನಿಗೆ ಮನೆ ಶಬ್ದ ಕೇಳ್ಲಿ ಕಣೇ. ಧೈರ್ಯ ಬರುತ್ತೆ."

ಆ ಮಾತಿನಲ್ಲಿ ಪಾಂಡಿತ್ಯವಿರಲಿಲ್ಲ, ಪ್ರೀತಿಯೇ ಇತ್ತು. ಅದನ್ನೂ ಹೇಳಿಬಿಡಬೇಕು.

ಸೇಗೊ ಮಧ್ಯದ ದಿಬ್ಬ ಹತ್ತಿ ನಿಂತ. ಇಡೀ ಮೈದಾನದಲ್ಲಿ ಎತ್ತರದ ಜಾಗ ಅದೊಂದೇ.

"ನೋಡ್ರಪ್ಪಾ, ಕಾವಲುಗುಡ್ಡ," ಎಂದ ಇವಾಕಿಚಿ. "ನನ್ನ ಕೆಲಸವೇ ಅವನದೂ."

ಮೊದಲಿನ ಇಬ್ಬರು ಚೆಂಡಿಗೆ ದಾಂಡು ತಾಗಿಸಲಾರದೆ ವಾಪಸು ನಡೆದರು. "ಅಯ್ಯೋ ಪಾಪ, ಹೊರಡಲಿಕ್ಕೇ ಆಗಲಿಲ್ಲ," ಎಂದು ಒಕಾನೆ ಅಜ್ಜಿ ಮರುಗಿದಳು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಡಲಿಗೆ ಕೊಟ್ಟವಳು ಆಕೆ. ಮೂರನೆಯವನು ಹೊಡೆದು ಒಂದು ಮೂಲೆಯಲ್ಲಿ ನಿಂತ, ನಾಲ್ಕನೆಯವನು ದೂರ ಹೊಡೆದ, ಮೂರನೆಯವನು ಉಸಿರುಗಟ್ಟಿ ಓಡಿ ಧೂಳಿನಲ್ಲಿ ಜಾರಿ ಮನೆ ಸೇರಿದ.

ಡೋಲಿಗೆ ಏಟು ಬಿತ್ತು. ಬಾವುಟಗಳು ಎದ್ದವು. ಒಕಿನೊಸೆಯ ಗಂಟಲುಗಳೆಲ್ಲ ಸೇರಿ ಕೂಗಿದವು. ಕಡಲಿನ ಮೇಲೆ ಕೂಗಿ ಪಳಗಿದ ಗಂಟಲುಗಳು ಅವು.

ದಿಬ್ಬದ ಮೇಲೆ ಸೇಗೊ ತಿರುಗಿ ನೋಡಿದ. ಆ ಡೋಲನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ.

"ನೋಡ್ದ, ನೋಡ್ದ," ಎಂದು ಇವಾಕಿಚಿ ಕುಣಿದ. "ಇನ್ನು ನೋಡಿ ಮಜಾ."

ಮಜಾ ನಿಜಕ್ಕೂ ಆಗ ಶುರುವಾಯಿತು. ಸೇಗೊನ ಮುಂದಿನ ಚೆಂಡು ಎತ್ತಲೋ ಹೋಯಿತು. ಅದರ ಮುಂದಿನದನ್ನು ದಾಂಡಿನವನು ಗೋಡೆಗೆ ಹೊಡೆದ. ಒಬ್ಬ ಮನೆಗೆ ಬಂದ, ಮತ್ತೊಬ್ಬ ಬಂದ. ಡೋಲು, ಬಾವುಟ, ಕೂಗು. ಮೂರನೆಯ ಸರದಿಯಲ್ಲಂತೂ ಬಂದವರ ಸಂಖ್ಯೆ ಎಷ್ಟಾಯಿತೆಂದರೆ, ಅಂಕದ ಹಲಗೆ ನೋಡಿಕೊಳ್ಳುವವನ ಹತ್ತಿರ ಒಂದು ಗೂಡಿನಲ್ಲಿ ಕೂರುವ ಫಲಕವಿಲ್ಲದೆ, ಎರಡು ಒಂದುಗಳನ್ನು ಒತ್ತೊತ್ತಾಗಿ ಸೊಟ್ಟಗೆ ತೂಗುಹಾಕಿದ.

"ಹನ್ನೊಂದು ದೋಣಿ ಒಂದೇ ಉಸಿರಿಗೆ," ಎಂದು ಇವಾಕಿಚಿ ಬೆವರು ಒರೆಸಿಕೊಂಡ. "ನನ್ನ ಆಯುಷ್ಯದಲ್ಲಿ ಇಂಥ ಸಂಜೆ ನೋಡಿರಲಿಲ್ಲ."

ಅಕ್ಕಪಕ್ಕ ಕೂತಿದ್ದ ಪಟ್ಟಣದವರು ಮೊದಮೊದಲು ಬೆರಗಾಗಿ ನೋಡಿದರು. ಆಮೇಲೆ ಕೆಲವರು ಹತ್ತಿರ ಬಂದು ಕಿತ್ತಳೆ ಕೊಟ್ಟರು. ಒಬ್ಬ ದುಂಡುಮುಖದವನು, ಯಾವುದೋ ಬಟ್ಟೆ ಅಂಗಡಿಯ ಗುಮಾಸ್ತನಂತೆ, ಸಾಕೆ ಎಂಬ ಅಕ್ಕಿಯ ಹೆಂಡ ತುಂಬಿದ ಬಾಟಲಿಯನ್ನೇ ತಂದು ಹಯಾಮಿಯವರ ಮುಂದಿಟ್ಟು ಬಗ್ಗಿ ನಮಸ್ಕರಿಸಿದ. ಹಯಾಮಿ ಗಂಭೀರವಾಗಿ ಕುಡಿದರು. ಪಟ್ಟಣದವರಿಗೆ ಸೇಗೊನ ಮೇಲೆ ಇಷ್ಟು ಪ್ರೀತಿ ಇದೆಯೆಂದು ಊರಿಗೆ ಗೊತ್ತಿರಲಿಲ್ಲ.

ಸೇಗೊನ ಕಡೆಯವರು ದಾಂಡು ಹಿಡಿಯುವ ಸರದಿ ಬಂದರೆ ಅವನು ನೆರಳಿಗೆ ಹೋಗಿ ತಲೆ ತಗ್ಗಿಸಿ ಕೂರುತ್ತಿದ್ದ. ಆಗ ನಮ್ಮವರು ಬುತ್ತಿ ಬಿಚ್ಚುತ್ತಿದ್ದರು. ಆ ಕಡೆಯಿಂದಲೂ ಎರಡು ಮೂರು ಜನ ಮನೆ ಸೇರಿದರು. ಅವರಿಗೂ ಇವಾಕಿಚಿ ನ್ಯಾಯವಾಗಿ ಒಂದೊಂದು ಏಟು ಕೊಟ್ಟ, ಬಾಯಲ್ಲಿ ಅನ್ನದ ಉಂಡೆ ಇಟ್ಟುಕೊಂಡೇ.

ಗೆಂಪೆಗೆ ಅನುಮಾನ ಹತ್ತಿತು. "ಇವಾಕಿಚಿ, ಮನೆಗೆ ಬಂದವರೆಲ್ಲ ಆ ಕಡೆ ಹೋಗಿ ಕೂರ್ತಾರೆ. ಸೇಗೊ ಈ ಕಡೆ ಕೂರ್ತಾನೆ. ಒಬ್ಬನಾದ್ರೂ ಬಂದು ಅವನಿಗೆ ಥ್ಯಾಂಕ್ಸ್ ಹೇಳಿದ್ನಾ?"

"ದೋಣಿ ಇಳಿದವರು ಅವರವರ ಮನೆಗೆ ಹೋಗಲ್ವೇನಯ್ಯ? ನನಗೆ ಯಾವತ್ತಾದ್ರೂ ಯಾರಾದ್ರೂ ಗುಡ್ಡ ಹತ್ತಿ ಬಂದು ಥ್ಯಾಂಕ್ಸ್ ಹೇಳಿದಾರಾ?"

ಅದು ನಿಜವೇ ಆದ್ದರಿಂದ ಗೆಂಪೆ ಇನ್ನೊಂದು ಕಿತ್ತಳೆ ಸುಲಿದ.

"ರೀ," ಎಂದಳು ಒಸುಗಿ. "ಹುಡುಗ ಅಳ್ತಿದಾನೆ."

"ಬೆವರು ಕಣೇ."

"ನಾನು ಸಾಕಿದ ಮಗು. ಬೆವರು ಯಾವುದು, ಕಣ್ಣೀರು ಯಾವುದು ನನಗೆ ಗೊತ್ತಾಗಲ್ವಾ? ತೋಳಿಂದ ಒರೆಸ್ಕೊಂಡ ನೋಡಿ. ಚಿಕ್ಕವನಿದ್ದಾಗ್ಲೂ ಹೀಗೇ ಒರೆಸ್ಕೋತಿದ್ದ. ಒಂದ್ಸಲ ಡೋಲು ನಿಲ್ಲಿಸಿ."

"ಸಂತೋಷಕ್ಕೆ ಅಳ್ತಿರ್ತಾನೆ. ಊರೇ ಬಂದಿದೆಯಲ್ಲ."

ಹೀಗೆಂದರೂ ಇವಾಕಿಚಿಯ ಕೈ ಒಂದು ಗಳಿಗೆ ತಡೆಯಿತು. ಅವನು ಅಲ್ಲಿಯೇ ನಿಲ್ಲಿಸಿದ್ದರೆ ಈ ಕಥೆಗೆ ಇಷ್ಟು ಕಹಿ ಇರುತ್ತಿರಲಿಲ್ಲ. ಆದರೆ ಹಯಾಮಿ ಸಾಕೆಯ ಬಲದಿಂದ ಎದ್ದು ನಿಂತಿದ್ದರು.

"ಡೋಲು ಯಾಕೆ ನಿಂತಿತು? ಒಕಿನೊಸೆಯ ಮಾನದ ಪ್ರಶ್ನೆ. ಎಲ್ಲರೂ ಎದ್ದೇಳಿ. ಬಾನ್ಜಾಯ್ ಮೂರು ಸಲ."

ಊರು ಎರಡೂ ಕೈ ಮೇಲೆತ್ತಿ ಬಾನ್ಜಾಯ್, ಅಂದರೆ ಹತ್ತು ಸಾವಿರ ವರ್ಷ ಬಾಳಲಿ, ಎಂದು ಕೂಗಿತು. ದಿಬ್ಬದ ಮೇಲೆ ಸೇಗೊ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಅವನನ್ನು ಬದಲಿಸಲು ತಂಡದಲ್ಲಿ ಬೇರೆ ಯಾರೂ ಇರಲಿಲ್ಲ. ಕೊನೆಯವರೆಗೂ ಅವನೇ ಎಸೆದ.

ಆಟ ಮುಗಿದಾಗ ಹಲಗೆಯ ಮೇಲೆ ಒಂದು ಕಡೆ ಇಪ್ಪತ್ತೊಂಬತ್ತು, ಇನ್ನೊಂದು ಕಡೆ ಮೂರು. ಇವಾಕಿಚಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ದುಂಡುಮುಖದ ಗುಮಾಸ್ತ ಮತ್ತೆ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಅಜ್ಜಾ, ನಮ್ಮ ತಂಡಕ್ಕೆ ಇಂಥ ಬೆಂಬಲ ಯಾರೂ ಕೊಟ್ಟಿರಲಿಲ್ಲ. ಎದುರಿನ ಆ ಹುಡುಗ ಒಳ್ಳೆ ಎಸೆತಗಾರ, ನಮಗೆ ಭಯ ಇತ್ತು. ನಿಮ್ಮ ಡೋಲಿನ ಏಟು ಬಿದ್ದ ಕೂಡ್ಲೇ ಅವನ ಕೈ ನಡುಗೋಕೆ ಶುರುವಾಯ್ತು ನೋಡಿ. ಇಪ್ಪತ್ತೊಂಬತ್ತು ಹೊಡೆಸ್ಕೊಂಡ. ಅವನ ಕಥೆ ಮುಗೀತು ಬಿಡಿ."

ಒಕಾನೆ ಅಜ್ಜಿಯ ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಇತ್ತು. ಆಕೆ ಅದನ್ನು ಮೆಲ್ಲಗೆ ಕಲ್ಲಿನ ಮೇಲೆ ಇಟ್ಟಳು.

"ಇವಾ, ಅವನೇನಂದ? ಬಂದವರು ನಮ್ಮವರಲ್ವಾ?"

ಇವಾಕಿಚಿ ಬಾಯಿ ತೆರೆದ. ಜೀವನದಲ್ಲಿ ಮೊದಲ ಸಲ ಅದರಿಂದ ಏನೂ ಹೊರಡಲಿಲ್ಲ.

ಮೊದಲು ಚೇತರಿಸಿಕೊಂಡವರು ಹಯಾಮಿ. "ನಾನು ಮೊದಲೇ ಹೇಳಿದ್ದೆ, ಇದು ಅಮೆರಿಕದವರ ಆಟ ಅಂತ. ಊರಿನ ಮಾನ ಕಳೆದದ್ದು ಇವಾಕಿಚಿ. ನಾನು ಬಂದದ್ದು ಪ್ರಾರ್ಥನೆಗೆ."

"ಬಾನ್ಜಾಯ್ ಕೂಗಿಸಿದ್ದು?" ಎಂದ ಗೆಂಪೆ.

"ಅದು ಚಕ್ರವರ್ತಿಗಳಿಗೆ."

ಬಾವುಟಗಳನ್ನು ಸುರುಳಿ ಸುತ್ತುವಾಗ, ತಮಗೆ ಆಗಲೇ ಅನುಮಾನ ಬಂದಿತ್ತು ಎಂದು ಒಬ್ಬೊಬ್ಬರಾಗಿ ಹೇಳಿಕೊಂಡರು. ಅನುಮಾನ ಬಾರದಿದ್ದವನು ಇವಾಕಿಚಿ ಒಬ್ಬನೇ ಎಂದಾಯಿತು.

ಆಟಗಾರರು ಹೊರಬರುವ ಬಾಗಿಲ ಹತ್ತಿರ ಗಂಡ ಹೆಂಡತಿ ಕಾದರು. ಡೋಲನ್ನು ಎಲ್ಲಿ ಬಚ್ಚಿಡುವುದೋ ತಿಳಿಯದೆ ಇವಾಕಿಚಿ ಅದನ್ನು ಬೆನ್ನ ಮೇಲೇ ಹೊತ್ತಿದ್ದ. ಸೇಗೊ ಬಂದ. ಮುಖ ತೊಳೆದುಕೊಂಡಿದ್ದ.

"ಅತ್ತೆ, ದೋಣೀಲಿ ಬಂದ್ರಾ? ಗಾಳಿ ಹೇಗಿತ್ತು?"

ಒಸುಗಿ ಅವನ ತೋಳು ಹಿಡಿದುಕೊಂಡಳು. ಸೇಗೊ ಮಾವನ ಕಡೆ ನೋಡಿದ.

"ಡೋಲು ಚೆನ್ನಾಗಿ ಕೇಳಿಸ್ತು ಮಾಮ. ಒಂದೂ ತಪ್ಪಿಸಲಿಲ್ಲ ನೀನು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಗೊತ್ತಿರಲಿಲ್ಲ ಕಂದ, ಅವತ್ತು ಗುಡ್ಡದ ಮೇಲೆ ನೀನು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ ಎಂದು ಇವಾಕಿಚಿ ಹೇಳಬೇಕಿತ್ತು. ಹೇಳಲು ಬಾಯಿ ತೆರೆದ. ಬಂದದ್ದು ಬೇರೆ.

"ನಿನಗೆ ಛಲ ಬರ್ಲಿ ಅಂತ ಮಾಡಿದ್ದು. ಇದೊಂದು ವಿಧಾನ."

"ಹೌದಾ," ಎಂದ ಸೇಗೊ. ಟೋಪಿ ಸರಿಮಾಡಿಕೊಂಡು ಬಸ್ಸು ಹತ್ತಿದ.

ಮರುವಾರ ಇವಾಕಿಚಿ ಒಣಗಿಸಿದ ಬೊಂಡಾಸ ಮೀನಿನ ಒಂದು ಕಟ್ಟು ಹಿಡಿದು, ಆಯುಷ್ಯದಲ್ಲಿ ಮೊದಲ ಸಲ ರೈಲು ಹತ್ತಿ, ತಂಡದ ಕಚೇರಿಗೆ ಹೋದ. ಎಂಜಿನ್ನಿನ ಉಸಿರಾಟದ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿ ಕನ್ನಡಕದ ಅಧಿಕಾರಿಯೊಬ್ಬ ಕೂತಿದ್ದ. ಇವಾಕಿಚಿ ನೆಲಕ್ಕೆ ಹಣೆ ಹಚ್ಚಿದ.

"ಸ್ವಾಮಿ, ತಪ್ಪು ಹುಡುಗನದಲ್ಲ, ಡೋಲಿನದು. ಡೋಲು ನನ್ನದು."

"ಯಾವ ಡೋಲು? ಓಹೋ, ಆ ಡೋಲು." ಅಧಿಕಾರಿ ಕನ್ನಡಕ ತೆಗೆದು ಅವನನ್ನು ನೋಡಿದ. "ನಮ್ಮ ಹುಡುಗನ ಕಡೆಯವರು ಎದುರು ತಂಡಕ್ಕೆ ಯಾಕೆ ಬಾರಿಸಿದ್ರಿ?"

ಇಲ್ಲಿಯಾದರೂ ನಿಜ ಹೇಳಬೇಕಿತ್ತು. ಹೇಳಿದ. "ನನಗೆ ಆಟ ಗೊತ್ತಿರಲಿಲ್ಲ, ಸ್ವಾಮಿ."

ಐವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೊನೆಗೂ ಹೊರಬಂತು. ಅಧಿಕಾರಿ ಅದನ್ನು ನಂಬಲಿಲ್ಲ.

"ಜಪಾನಿನಲ್ಲಿ ಬೇಸ್‌ಬಾಲ್ ಗೊತ್ತಿಲ್ಲದವರು ಇದಾರೇನ್ರೀ? ಹೋಗ್ಲಿ, ಇಪ್ಪತ್ತೊಂಬತ್ತರಲ್ಲಿ ನಿಮ್ಮ ಡೋಲಿನ ಲೆಕ್ಕಕ್ಕೆ ಎಷ್ಟು ಹಿಡೀಬೇಕು?"

"ಮೊದಲನೇದು ಬಿಟ್ಟು ಎಲ್ಲಾ."

"ಹಾಗಾದ್ರೆ ಒಂದಕ್ಕೆ ಮೂರು, ನಾವೇ ಗೆದ್ವಿ." ಅಧಿಕಾರಿ ನಕ್ಕ, ಪಕ್ಕದ ಮೇಜಿನವರೂ ನಕ್ಕರು. ಇವಾಕಿಚಿಯೂ, ಕೆಲಸ ಆಯಿತೇನೋ ಎಂದುಕೊಂಡು, ನಕ್ಕ. ಅಧಿಕಾರಿ ಬೊಂಡಾಸದ ಕಟ್ಟನ್ನು ಖಾನೆಗೆ ಸೇರಿಸಿ, "ಮೇಲಿನವರಿಗೆ ಹೇಳ್ತೀನಿ," ಎಂದ. ಹೇಳಿದನೋ ಇಲ್ಲವೋ. ವರ್ಷ ಮುಗಿಯುವ ಹೊತ್ತಿಗೆ ಕಾಲೇಜಿನಿಂದ ಸೇಗೊನ ಹೆಸರು ಹೋಯಿತು. ಮರುತಿಂಗಳು, ಹುಡುಗ ಹೇಳಿದ್ದಂತೆಯೇ, ಕೆಂಪು ಚೀಟಿ ನಮ್ಮೂರಿಗೆ ಬಂತು.

ಅದನ್ನು ತಂದುಕೊಟ್ಟವರು ಸ್ವತಃ ಹಯಾಮಿ. ಮುಖದಲ್ಲಿ ಮದುವೆಯ ಕಳೆಯಿತ್ತು.

"ಅಭಿನಂದನೆ, ಇವಾಕಿಚಿ. ಅವತ್ತು ಹೋದ ಊರಿನ ಮಾನ ಇವತ್ತು ವಾಪಸ್ ಬಂತು."

ಪದ್ಧತಿಯ ಪ್ರಕಾರ 'ಧನ್ಯವಾದ' ಎನ್ನಬೇಕು. ಇವಾಕಿಚಿ ಎಂದ. ಒಳಗೆ ಒಸುಗಿ ಪಾತ್ರೆ ಕೆಡವಿದ ಸದ್ದಾಯಿತು. ಊಟಕ್ಕೆ ಕರೆಯುವುದು ಬಿಟ್ಟರೆ ಆಕೆ ಆ ಚಳಿಗಾಲವಿಡೀ ಗಂಡನ ಜೊತೆ ಮಾತಾಡಲಿಲ್ಲ.

ಸೇಗೊ ಹೊರಡುವ ದಿನ ಇಡೀ ಊರು ಬಂದರಿನಲ್ಲಿ ಸೇರಿತು. ಅದೇ ಮೀನಿನ ಬಾವುಟಗಳು, ಅದೇ ಗಂಟಲುಗಳು. ಹಯಾಮಿ ಭಾಷಣ ಮಾಡಿ, ಗುಡ್ಡದ ಮೇಲಿಂದ ಡೋಲು ಇಳಿಸಿ ತರಿಸಿ ಇವಾಕಿಚಿಯ ಮುಂದಿಟ್ಟರು.

"ಬಾರಿಸು. ವೀರನನ್ನ ಸದ್ದಿಲ್ಲದೆ ಕಳಿಸೋದಾ?"

"ಹೊರಡೋರಿಗೆ ಬಾರಿಸೋ ಹಾಗಿಲ್ಲ ಯಜಮಾನ್ರೇ."

"ಬೇರೆ ಊರಿನ ತಂಡಕ್ಕೆ ಕೈ ಬೊಬ್ಬೆ ಬರೋ ತನಕ ಬಾರಿಸಿದೆ. ನಿನ್ನ ಸ್ವಂತ ಅಳಿಯ ಯುದ್ಧಕ್ಕೆ ಹೋಗೋವಾಗ ಕೈ ಬರಲ್ವಾ?"

ಜನ ಗೊಳ್ಳೆಂದಿತು. ನಕ್ಕವರಲ್ಲಿ ಇಬ್ಬರು ಮೂವರು ಕೂಡಲೇ ತಲೆ ತಗ್ಗಿಸಿದರು. ಇವಾಕಿಚಿ ಕೋಲುಗಳನ್ನು ಹಿಡಿದು, ಎತ್ತಲೂ ಆರದೆ, ಇಡಲೂ ಆರದೆ ನಿಂತ. ಸೇಗೊ ಬಂದು ಅವನ ಕೈಯಿಂದ ಕೋಲುಗಳನ್ನು ತೆಗೆದು ಡೋಲಿನ ಮೇಲೆ ಇಟ್ಟ.

"ಈಗ ಬೇಡ ಮಾಮ. ವಾಪಸ್ ಬಂದಾಗ ಬಾರಿಸು. ಒಂದೇ ಏಟು ಸಾಕು."

"ಸೇಗೊ, ಅವತ್ತು ಮೈದಾನದಲ್ಲಿ, ನನಗೆ..."

"ನನಗೆ ಗೊತ್ತು ಮಾಮ. ನಿನಗೆ ಗೊತ್ತಿರಲಿಲ್ಲ. ಮೊದಲ ಏಟಿಗೇ ಗೊತ್ತಾಯ್ತು." ಸೇಗೊ ಸ್ವಲ್ಪ ನಕ್ಕ. "ಬಂದ ಮೇಲೆ ಇನ್ನರ್ಧ ಹೇಳಿಕೊಡ್ತೀನಿ. ಅಷ್ಟರಲ್ಲಿ ಬೇರೆ ಯಾರಿಗೂ ಪಾಠ ಮಾಡಬೇಡ."

ದೋಣಿ ಹೊರಟಿತು. ಊರು ಬಾನ್ಜಾಯ್ ಕೂಗಿತು. ಇವಾಕಿಚಿ ಕೈ ಎತ್ತಲಿಲ್ಲ ಎಂಬುದನ್ನು ಹಯಾಮಿ ಗಮನಿಸಿದರು, ಆ ತಿಂಗಳ ಸಭೆಯಲ್ಲಿ ಎಲ್ಲರ ಮುಂದೆ ಹೇಳಿಯೂ ಹೇಳಿದರು.

ಅಂದಿನಿಂದ ಇವಾಕಿಚಿ ಮಾತು ಕಡಿಮೆ ಮಾಡಿದ. ಗೆಂಪೆ ಎಷ್ಟೇ ಕೆಣಕಿದರೂ "ನನಗೆ ಗೊತ್ತಿಲ್ಲಪ್ಪ," ಎನ್ನುತ್ತಿದ್ದ. ಊರಿಗೆ ಅದರಿಂದ ಬೇಜಾರೇ ಆಯಿತು. ತಪ್ಪೋ ಸರಿಯೋ, ಎಲ್ಲದಕ್ಕೂ ಉತ್ತರ ಕೊಡುವವನೊಬ್ಬ ಊರಿಗೆ ಬೇಕಿತ್ತು.

ಮರುವರ್ಷದ ಬೊನ್ ಹಬ್ಬಕ್ಕೆ ಮುಂಚೆ ಊರ ಕಚೇರಿಗೆ ಸುದ್ದಿ ಬಂತು. ಹಯಾಮಿ ತಮ್ಮ ಒಳ್ಳೆಯ ಕೋಟು ಹಾಕಿಕೊಂಡು ಆಚೆ ದಡಕ್ಕೆ ಹೋದರು. ಸಂಜೆ ಅವರ ದೋಣಿ ಬಂತು. ಬಂದರಿನಲ್ಲಿ ಊರೆಲ್ಲ ಕಪ್ಪು ಬಟ್ಟೆ ಉಟ್ಟು ನಿಂತಿತ್ತು. ಒಸುಗಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಇವಾಕಿಚಿ ಮಾತ್ರ ಅಲ್ಲಿರಲಿಲ್ಲ.

ದೋಣಿ ಬಂಡೆಗಳನ್ನು ದಾಟಿತು. ಹಯಾಮಿಯವರ ಕೊರಳಿಗೆ ಬಿಳಿ ಬಟ್ಟೆ ಕಟ್ಟಿತ್ತು, ಅದರಲ್ಲಿ ಎರಡು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಅಸ್ಥಿಯ ಪೆಟ್ಟಿಗೆ.

ಗುಡ್ಡದ ಮೇಲಿಂದ ಡೋಲಿನ ಸದ್ದು ಬಂತು. ದೋಣಿಗೆ ಒಂದು ಏಟು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಒಕಾನೆ ಅಜ್ಜಿಗೆ ಆಗ ಕಣ್ಣು ಪೂರ್ತಿ ಕಾಣುತ್ತಿರಲಿಲ್ಲ. "ಎರಡು ಬಿತ್ತಲ್ಲ. ಇನ್ನೊಂದು ಯಾರದು?" ಎಂದಳು.

ಹಯಾಮಿ ಪೆಟ್ಟಿಗೆಯನ್ನು ಒಸುಗಿಯ ಕೈಗಿತ್ತು, ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಇವಾಕಿಚಿ ಡೋಲಿನ ಪಕ್ಕದಲ್ಲಿ ಕೂತು ಕೋಲುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ನಿನಗೆ ಬುದ್ಧಿ ಇದೆಯಾ? ಇದಕ್ಕೆಲ್ಲ ಯಾರಾದ್ರೂ ಡೋಲು ಬಾರಿಸ್ತಾರಾ? ಇದೂ ತಿಳಿಯಲ್ವಾ ನಿನಗೆ?"

"ನನಗೆ ಏನೂ ತಿಳಿಯಲ್ಲ ಯಜಮಾನ್ರೇ," ಎಂದ ಇವಾಕಿಚಿ. "ಮನೆಯಿಂದ ಹೊರಟು ಮನೆಗೆ ವಾಪಸ್ ಬಂದ್ರೆ ಒಂದು ಲೆಕ್ಕ ಅಂತ ಅವನೇ ಹೇಳಿದ್ದ. ನನಗೆ ಕೇಳಿಸಿದ್ದು ಅಷ್ಟೇ."